ಎರಡನೇ ಎರರ್ ಯಾಕೆ ಸಿಗುತ್ತಿರಲಿಲ್ಲ

ಎರಡು ದಿನದಿಂದ ರಸ್ಟ್ ಪ್ರೋಗ್ರಾಮಿಂಗ್ ಭಾಷೆಯ ಕಂಪೈಲರ್‌ನ ಒಂದು ಯುಐ ಟೆಸ್ಟ್ (ಕೋಡಿಗೆ ಕಂಪೈಲರ್ ಸರಿಯಾದ ಎರರ್ ತೋರಿಸುತ್ತದಾ ಅಂತ ನೋಡುವ ಪರೀಕ್ಷೆ) ಫೇಲ್ ಆಗುತ್ತಲೇ ಇತ್ತು. ನಿನ್ನೆ ರಾತ್ರಿ ಕದ್ರಿಯ ರೂಮಿನಲ್ಲಿ ಕೂತು, ಹೊರಗೆ ಜೋರು ಮಳೆ, ಕರೆಂಟ್ ಹೋಗುವ ಮೊದಲೇ ಸರಿಮಾಡಿದೆ.

ಈ ಟೆಸ್ಟ್ ಫೈಲಿನಲ್ಲಿ ಎಲ್ಲಿ ಎರರ್ ಬರಬೇಕೋ ಅಲ್ಲಿ ಕಾಮೆಂಟಿನಲ್ಲಿ ಗುರುತು ಹಾಕಬೇಕು. ಅದೇ ಸಾಲಾದರೆ //~, ಮೇಲಿನ ಸಾಲಾದರೆ //~^, ಅದಕ್ಕೂ ಮೇಲಿನದಾದರೆ //~^^. ನನ್ನ ಕೋಡಿನ ಒಂದೇ ಸಾಲಿಗೆ ಎರಡು ಎರರ್ ಬರಬೇಕಿತ್ತು. ಕೆಳಗೆ ಒಂದರ ಕೆಳಗೊಂದು //~^ ಅಂತಲೇ ಎರಡು ಸಲ ಬರೆದಿದ್ದೆ, ಎರಡನೆಯದು ಕೋಡನ್ನು ಬಿಟ್ಟು ಮೊದಲನೇ ಕಾಮೆಂಟನ್ನೇ ತೋರಿಸುತ್ತಿತ್ತು! ಅದಕ್ಕೇ ಒಂದು ಎರರ್ ಸಿಗಲಿಲ್ಲ, ಬೇಡದ್ದು ಒಂದು ಬಂತು ಅಂತ ಎರಡೆರಡು ದೂರು.

ಈಗ ಬಂದ ಔಟ್‌ಪುಟ್ಟನ್ನೇ ಸರಿ ಅಂತ ಉಳಿಸಿಕೊಳ್ಳುವ ಬ್ಲೆಸ್ (--bless) ಆಯ್ಕೆ ಕೊಟ್ಟೂ ನೋಡಿದೆ. ಅದು ನಿರೀಕ್ಷಿತ ಔಟ್‌ಪುಟ್ ಇರುವ ಫೈಲುಗಳನ್ನು ಮಾತ್ರ ಬದಲಿಸುತ್ತದೆ, ಈ ಗುರುತುಗಳನ್ನು ಮುಟ್ಟುವುದಿಲ್ಲ. ಅದು ಒಳ್ಳೆಯದೇ. ಎರರ್ ಎಲ್ಲಿ ಬರಬೇಕು ಅಂತ ನಾವೇ ಯೋಚಿಸಿ ಬರೆಯಬೇಕು ಅಲ್ವಾ?

ಕೊನೆಗೆ ಎರಡನೇ ಕಾಮೆಂಟನ್ನು //~| ಮಾಡಿದೆ. ಮೊದಲ ಗುರುತು ಯಾವ ಸಾಲಿಗೋ ಇದೂ ಅದಕ್ಕೇ. ತಕ್ಷಣ ಪಾಸ್. //~^^ ಹಾಕಿದರೂ ನಡೆಯುತ್ತದೆ, ಆದರೆ ನಾಳೆ ಮಧ್ಯದಲ್ಲಿ ಇನ್ನೊಂದು ಗುರುತು ಸೇರಿಸಿದರೆ ಮತ್ತೆ ಎಣಿಸುತ್ತಾ ಕೂರಬೇಕು.