ಲೈಬ್ರರಿ ವರ್ಗೀಕರಣ ಪಟ್ಟೀನ ಕನ್ನಡ ಸಮೇತ ಲಿಂಕ್ಡ್ ಡೇಟಾ ಮಾಡೋದು ಹೇಗೆ

ಲೈಬ್ರರಿ ಪುಸ್ತಕದ ಬೆನ್ನಿಗೆ ಅಂಟಿಸಿರೋ ನಂಬರ್ ನೋಡಿರ್ತೀರ, ಡ್ಯೂಯಿ ಪದ್ಧತೀಲಿ 894.814 ಅಂದ್ರೆ ಕನ್ನಡ ಸಾಹಿತ್ಯ, ಓದೋನು ಯಾವ ಭಾಷೆಯವನಾದ್ರೂ ನಂಬರ್ ಅದೇ, ಹೆಸರು ಮಾತ್ರ ಬೇರೆ. ಲಿಂಕ್ಡ್ ಡೇಟಾ ಮಾಡೋದು ಅಂದ್ರೂ ಇಷ್ಟೇ, ಒಂದೊಂದು ವರ್ಗಕ್ಕೂ ವೆಬ್ಬಲ್ಲಿ ಒಂದು ವಿಳಾಸ ಕೊಟ್ಟು, ಅದಕ್ಕೆ ಎಷ್ಟು ಭಾಷೆ ಬೇಕೋ ಅಷ್ಟು ಹೆಸರು ಕಟ್ಟಿ, ಯಾವುದರ ಕೆಳಗೆ ಯಾವುದು ಬರುತ್ತೆ ಅಂತ ಕಂಪ್ಯೂಟರಿಗೆ ತಿಳಿಯೋ ಹಾಗೆ ಬರೆಯೋದು.

ಮೊದಲು ಲೈಸೆನ್ಸ್ ನೋಡ್ಕೊಳ್ಳಿ. ಡ್ಯೂಯಿ 1876ರದ್ದು, ಹಳೇದು ಅಂದ್ಕೊಂಡು ಈಗಿನ ಪೂರ್ತಿ ಪಟ್ಟೀನ ತಂದು ಹಾಕೋ ಹಾಗಿಲ್ಲ, ಹಕ್ಕು ಓಸಿಎಲ್‌ಸಿ ಅನ್ನೋ ಅಮೆರಿಕದ ಲೈಬ್ರರಿ ಸಂಸ್ಥೆ ಹತ್ರ ಇದೆ. ಕೈ ಪಳಗಿಸ್ಕೊಳ್ಳೋಕೆ ಯುಡಿಸಿ ಸಮ್ಮರಿ ಒಳ್ಳೇದು, ಯುಡಿಸಿ ಅಂದ್ರೆ ಡ್ಯೂಯಿ ಥರದ್ದೇ ಇನ್ನೊಂದು ವರ್ಗೀಕರಣ ಪದ್ಧತಿ, ಸಮ್ಮರಿ ಅದರ ಚಿಕ್ಕ ಪಟ್ಟಿ, ಸುಮಾರು 2,600 ವರ್ಗ, ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಲ್ಲಿ ಸಿಗುತ್ತೆ, ಅವರ ಹೆಸರು ಹಾಕಿ ನಿಮ್ಮದನ್ನೂ ಅದೇ ಲೈಸೆನ್ಸಲ್ಲಿ ಬಿಟ್ರೆ ಆಯ್ತು.

ಆಮೇಲೆ ಒಂದು ಶೀಟ್ ಮಾಡಿ: ಐಡಿ, ವರ್ಗಸಂಖ್ಯೆ, ಮೇಲಿನ ವರ್ಗದ ಐಡಿ, ಭಾಷೆಗೊಂದು ಕಾಲಂ. ವರ್ಗಸಂಖ್ಯೆ ಕಾಲಮ್ಮನ್ನ ಟೈಪ್ ಮಾಡೋ ಮುಂಚೇನೇ ಟೆಕ್ಸ್ಟ್ ಅಂತ ಫಾರ್ಮ್ಯಾಟ್ ಮಾಡಿ, ಇಲ್ಲಾಂದ್ರೆ 005 ಹೋಗಿ 5 ಆಗಿರುತ್ತೆ, ನಾನು ಇದನ್ನ ನೋಡಿದ್ದು ಮುನ್ನೂರು ಸಾಲು ಆದ್ಮೇಲೆ. ಇಲ್ಲಿ ಕನ್ನಡ ಅಂಕಿ ಬೇಡ.

ವಿಳಾಸದೊಳಗೆ ವರ್ಗಸಂಖ್ಯೆ ತುರುಕ್ಬೇಕಾ ಅಂತ ಎಲ್ಲರಿಗೂ ಅನುಮಾನ ಬರುತ್ತೆ. ಬೇಡ. ಯುಡಿಸೀಲಿ ಅಮೆರಿಕನ್ ಕಾದಂಬರಿಗೆ 821.111(73)-31, ಈ ಬ್ರಾಕೆಟ್ಟೆಲ್ಲ ವಿಳಾಸಕ್ಕೆ ಬಂದ್ರೆ ತಲೆನೋವು, ಮೇಲಾಗಿ ಪರಿಷ್ಕರಣೆ ಆದಾಗ ಸಂಖ್ಯೆ ಬದಲಾಗುತ್ತೆ. ಯುಡಿಸಿಯವರೇ ಅರ್ಥ ಇಲ್ಲದ ಕ್ರಮಸಂಖ್ಯೆ ಇಟ್ಕೊಂಡಿದಾರೆ, ಹಾಗೇ ಮಾಡಿ. ಡೊಮೇನ್ ವಿಷಯದಲ್ಲೂ ಹುಷಾರು, 2009ರಲ್ಲಿ ಶುರುವಾದ, ಡ್ಯೂಯಿ ವರ್ಗಗಳನ್ನ ಲಿಂಕ್ಡ್ ಡೇಟಾ ಆಗಿ ಕೊಡ್ತಿದ್ದ ಡ್ಯೂಯಿ ಡಾಟ್ ಇನ್ಫೋ ತಾಣ ಕೆಲವು ವರ್ಷಕ್ಕೇ ಮುಚ್ಚಿಹೋಗಿ ಅದನ್ನ ನಂಬಿದ್ದ ಲಿಂಕೆಲ್ಲ ಸತ್ತುಹೋಯ್ತು. ನಿಮ್ಮ ಸ್ವಂತ ಡೊಮೇನಿಗಿಂತ ಡಬ್ಲ್ಯೂ3ಐಡಿ ಥರದ ಶಾಶ್ವತ ವಿಳಾಸ ಮುಂದಿಟ್ಟು ಅಲ್ಲಿಂದ ನಿಮ್ಮ ಸರ್ವರಿಗೆ ತಿರುಗಿಸಿ.

ಡೇಟಾ ಬರೆಯೋಕೆ ಸ್ಕಾಸ್ ಅನ್ನೋ ಮಾದರಿ ಇದೆ, ವೆಬ್ಬಿನ ಮಾನದಂಡ ಮಾಡೋ ಡಬ್ಲ್ಯೂ3ಸಿ ಸಂಸ್ಥೆ 2009ರಲ್ಲಿ ಮಾನ್ಯ ಮಾಡಿದ್ದು. ವರ್ಗಸಂಖ್ಯೆಗೆ ನೋಟೇಶನ್, ಮೇಲಿನ ವರ್ಗಕ್ಕೆ ಬ್ರಾಡರ್, ಮುಖ್ಯ ಹೆಸರಿಗೆ ಪ್ರೆಫ್‌ಲೇಬಲ್, ಬೇರೆ ಹೆಸರಿಗೆ ಆಲ್ಟ್‌ಲೇಬಲ್. ಒಂದು ವರ್ಗಕ್ಕೆ ಒಂದು ಭಾಷೇಲಿ ಪ್ರೆಫ್‌ಲೇಬಲ್ ಒಂದೇ ಇರ್ಬೇಕು, ಸಸ್ಯಶಾಸ್ತ್ರ ಅದಾದ್ರೆ ಬಾಟನಿ ಆಲ್ಟ್‌ಲೇಬಲ್ಲಿಗೆ. ಪ್ರತಿ ಹೆಸರಿಗೂ ಅದು ಯಾವ ಭಾಷೇದು ಅಂತ ಹೇಳೋ ಟ್ಯಾಗ್ ಹಾಕ್ಬೇಕು, ಕನ್ನಡದ್ದು ಎರಡಕ್ಷರದ ಕೆಎನ್, ಮೂರಕ್ಷರದ್ದು ಹಾಕ್ಬೇಡಿ. ಕನ್ನಡ ಹೆಸರು ಇನ್ನೂ ಸಿಕ್ಕಿಲ್ಲ ಅಂದ್ರೆ ಖಾಲಿ ಬಿಡಿ, ಇಂಗ್ಲಿಷನ್ನೇ ಕಾಪಿ ಮಾಡಿ ಕೆಎನ್ ಅಂತ ಹಾಕಿದ್ರೆ ಇನ್ನೆಷ್ಟು ಅನುವಾದ ಬಾಕಿ ಇದೆ ಅಂತ ಆಮೇಲೆ ಗೊತ್ತೇ ಆಗಲ್ಲ.

ನಿಜವಾದ ಕೆಲಸ ಇರೋದು ಈ ಹೆಸರುಗಳಲ್ಲಿ. ಹೆಸರನ್ನ ಒಂಟಿಯಾಗಿ ಅನುವಾದ ಮಾಡೋಕೆ ಹೋಗ್ಬೇಡಿ, ಮೇಲೇನಿದೆ ಕೆಳಗೇನಿದೆ ನೋಡಿ. ಉದಾಹರಣೆಗೆ ಡ್ಯೂಯಿ 520 ಖಗೋಳ, 133.5 ಭವಿಷ್ಯ ಹೇಳೋ ಶಾಸ್ತ್ರ, ನಮ್ಮ ಹಳೇ ಬಳಕೇಲಿ ಜ್ಯೋತಿಷ ಅಂದ್ರೆ ಗ್ರಹಗಣಿತಾನೂ ಬಂತು ಫಲ ಹೇಳೋದೂ ಬಂತು. ಹಾಗಾಗಿ 520ಕ್ಕೆ ಖಗೋಳಶಾಸ್ತ್ರ, 133.5ಕ್ಕೆ ಫಲಜ್ಯೋತಿಷ ಅಂತ ಬಿಡಿಸಿ ಹಾಕಿ, ಬರೀ ಜ್ಯೋತಿಷ ಅನ್ನೋದನ್ನ ಎರಡಕ್ಕೂ ಆಲ್ಟ್‌ಲೇಬಲ್ ಮಾಡಿ, ವರ್ಗದ ವ್ಯಾಪ್ತಿ ಹೇಳೋ ಟಿಪ್ಪಣಿ ಸ್ಕೋಪ್‌ನೋಟಲ್ಲಿ ಒಂದು ಸಾಲು ವಿವರಿಸಿ. ಹಳೇ ಪಟ್ಟಿ ನುಡಿ ಆಸ್ಕಿ ಫಾಂಟಲ್ಲಿದ್ರೆ ಯೂನಿಕೋಡಿಗೆ ಬದಲಾಯಿಸಿದ್ಮೇಲೆ ಅರ್ಕಾವತ್ತು ಇರೋ ಪದಗಳನ್ನ ಒಂದೊಂದಾಗಿ ಕಣ್ಣಲ್ಲೇ ನೋಡಿ, ವರ್ಗ, ಧರ್ಮ, ದರ್ಶನ ಇವೇ ಕೆಡೋದು, ವರ್ಗೀಕರಣದಲ್ಲಿ ಇವೇ ಜಾಸ್ತಿ ಬೇರೆ!

ಬೇರೆ ಪದ್ಧತಿಗೆ ಜೋಡಿಸುವಾಗ ಆಸೆಬುರುಕತನ ಬೇಡ. ಯುಡಿಸಿ 52ರಲ್ಲಿ ಖಗೋಳದ ಜೊತೆ ಭೂಮಾಪನಾನೂ ಇದೆ, ಡ್ಯೂಯೀಲಿ ಅದು 526ಕ್ಕೆ ಹೋಗುತ್ತೆ, ಹಾಗಾಗಿ 52ಕ್ಕೂ 520ಕ್ಕೂ ಕ್ಲೋಸ್‌ಮ್ಯಾಚ್, ಅಂದ್ರೆ ಹೆಚ್ಚುಕಮ್ಮಿ ಒಂದೇ ಅನ್ನೋ ಸ್ಕಾಸ್ ಕೊಂಡಿ, ಸಾಕು. ಪೂರ್ತಿ ಒಂದೇ ಅನ್ನೋ ಎಕ್ಸಾಕ್ಟ್‌ಮ್ಯಾಚ್ ಸರಪಳಿ ಥರ ಹರಡುತ್ತೆ, ಒಂದು ಕಡೆ ತಪ್ಪಾದ್ರೆ ಅದಕ್ಕೆ ಜೋಡಿಸಿರೋ ಮೂರನೇ ಪಟ್ಟೀಗೂ ತಗಲುತ್ತೆ. ರಂಗನಾಥನ್ ಅವರ ಕೋಲನ್ ಪದ್ಧತಿ ಥರ ತುಂಡು ಜೋಡಿಸಿ ಸಂಖ್ಯೆ ಕಟ್ಟೋದಾದ್ರೆ ಜೋಡಿಸಿದ್ದನ್ನೆಲ್ಲ ಪ್ರಕಟಿಸೋಕೆ ಹೋಗ್ಬೇಡಿ, ಮುಗಿಯಲ್ಲ ಅದು, ತುಂಡುಗಳನ್ನ ಹಾಕಿ.

ಕೊನೇಗೆ ಶೀಟನ್ನ ಓಪನ್‌ರಿಫೈನ್ ಅನ್ನೋ ತಂತ್ರಾಂಶದಲ್ಲಿ ಟರ್ಟಲ್ ಫೈಲ್ (ಲಿಂಕ್ಡ್ ಡೇಟಾ ಬರೆಯೋ ಒಂದು ಫಾರ್ಮ್ಯಾಟ್) ಮಾಡಿ, ಅದನ್ನ ಇಟ್ಟು ಹುಡುಕೋಕೆ ಬಿಡೋ ಡೇಟಾ ಸರ್ವರ್ ಅಪಾಚೆ ಜೇನಾ ಫ್ಯುಸೆಕಿಗೆ ಹಾಕಿ, ಮೇಲೆ ಪಟ್ಟೀನ ವೆಬ್ ಪುಟವಾಗಿ ತೋರ್ಸೋ ಸ್ಕಾಸ್‌ಮಾಸ್ ಕೂರಿಸಿ, ಅದು ಫಿನ್‌ಲ್ಯಾಂಡ್ ರಾಷ್ಟ್ರೀಯ ಗ್ರಂಥಾಲಯದವರು ಮಾಡಿದ್ದು, ಫ್ರೀ. ಬ್ರೌಸರಿಗೆ ಪುಟ, ಪ್ರೋಗ್ರಾಮಿಗೆ ಡೇಟಾ, ಎರಡೂ ಒಂದೇ ವಿಳಾಸದಿಂದ ಹೋಗ್ತಿದೆಯಾ ನೋಡಿ. ಆಮೇಲೆ ಫೋನಲ್ಲಿ ಕನ್ನಡ ಕೀಬೋರ್ಡ್ ತೆಗೆದು ಖಗೋಳ ಅಂತ ಹುಡುಕಿ, ಸಿಗ್ಲಿಲ್ಲ ಅಂದ್ರೆ ಮೊದಲು ಟ್ಯಾಗ್ ನೋಡಿ, ನಂಗೆ ಎರಡು ಸಲ ಅದೇ ಆಗಿತ್ತು.