ಕಂಬಳಿಹುಳ ತಾಕಿದ್ರೆ ಉಜ್ಜಬೇಡ್ರಮ್ಮ, ಬೆಲ್ಲದ ಪಾಕ ಇಟ್ಕೊಳ್ಳಿ

ಮಳೆ ಹಿಡೀತು ಅಂದ್ರೆ ನುಗ್ಗೆಮರ ಇರೋ ಮನೆಗಳಿಂದೆಲ್ಲ ಒಂದೇ ಕೂಗು, ಮಗೂಗೆ ಕಂಬಳಿಹುಳ ತಾಕ್ತು ಅಂತ. ಆಮೇಲೆ ಈಗಿನ ಹುಡುಗೀರು ಮಾಡೋ ಕೆಲಸ ನೋಡಿದ್ರೆ ನಂಗೆ ಮೈಯೆಲ್ಲ ಉರಿಯುತ್ತೆ. ಒಬ್ಳು ಟವೆಲ್ ತಗೊಂಡು ಪರಪರ ಉಜ್ತಾಳೆ, ಇನ್ನೊಬ್ಳು ಟೂತ್‌ಪೇಸ್ಟ್ ಮೆತ್ತುತಾಳೆ, ಮೂರನೆಯವ್ಳು ಎಲೆಅಡಿಕೆ ತಟ್ಟೆಯಿಂದ ಸುಣ್ಣ ತೆಗೆದು ಮಗು ಕೆನ್ನೆಗೇ ಬಳಿದುಬಿಟ್ಳು, ನನ್ನ ಕಣ್ಣೆದುರಿಗೇ. ಸುಣ್ಣ ಸುಡುತ್ತೆ ಕಣ್ರಮ್ಮ! ಹುಳ ತಾಕಿದ ದದ್ದು ನಾಳೆ ನಾಡಿದ್ದಿಗೆ ಇಳಿಯುತ್ತೆ, ಸುಣ್ಣದಲ್ಲಿ ಸುಟ್ಟ ಚರ್ಮದ ಕಲೆ ಹಂಗೇ ಉಳಿಯುತ್ತೆ.

ಮೊದ್ಲು ಒಂದು ವಿಷಯ ತಿಳ್ಕೊಳ್ಳಿ. ಕಂಬಳಿಹುಳ ಕಚ್ಚೋದೂ ಇಲ್ಲ, ಕುಟುಕೋದೂ ಇಲ್ಲ. ಅದರ ಮೈಮೇಲಿನ ಸುಂಕು, ಅಂದ್ರೆ ಸಣ್ಣ ಚೂಪು ಕೂದಲು, ನಮ್ಮ ಚರ್ಮಕ್ಕೆ ಚುಚ್ಕೊಂಡು ಮುರ್ಕೊಳ್ಳುತ್ತೆ, ಥೇಟ್ ಗಾಜಿನ ಪುಡಿ ಇದ್ದಂಗೆ. ಕೆಲವು ಜಾತಿ ಹುಳದ ಸುಂಕಿನೊಳಗೆ ವಿಷಾನೂ ಇರುತ್ತೆ, ಕೆಲವಕ್ಕೆ ಬರೀ ಮೊನೆ. ಯಾವ್ದಾದ್ರೂ ಸರಿ, ಉಜ್ಜಿದ್ರೆ ಇನ್ನೂ ಒಳಕ್ಕಿಳಿಯುತ್ತೆ, ಉಜ್ಜಿದ ಕೈಗೂ ಹತ್ಕೊಳ್ಳುತ್ತೆ, ಆ ಕೈಯಲ್ಲೇ ಕಣ್ಣು ಒರೆಸ್ಕೊಂಡ್ರೆ ಮುಗೀತು ಕಥೆ. ಹಂಗಾಗಿ ಮೊದ್ಲು ಸುಂಕು ತೆಗೀಬೇಕು, ಹಚ್ಚೋದು ಬಳಿಯೋದು ಎಲ್ಲ ಆಮೇಲೆ. ಡಾಕ್ಟ್ರುಗಳು ಸೆಲೋಟೇಪ್ ಅಂಟಿಸಿ ಕೀಳಿ ಅಂತಾರೆ, ಸರಿನೇ, ತೋಳು ಬೆನ್ನು ಅಂಥ ಸಪಾಟು ಜಾಗಕ್ಕೆ ಟೇಪು ಚೆನ್ನಾಗೇ ಆಗುತ್ತೆ. ಆದ್ರೆ ಮಗು ಕತ್ತಿನ ಮಡಿಕೆಗೆ, ಬೆರಳ ಸಂದಿಗೆ, ಮೊಣಕಾಲಿನ ಹಿಂದಕ್ಕೆ ಟೇಪು ಕೂರಲ್ಲ, ಮುದುರ್ಕೊಂಡು ಅದರಷ್ಟಕ್ಕೆ ಅದೇ ಅಂಟ್ಕೊಳ್ಳುತ್ತೆ.

ಅಲ್ಲಿಗೆ ಬೇಕಾಗೋದು ನನ್ನ ಬೆಲ್ಲದ ಪಾಕ. ಇದನ್ನ ನಂಗ್ಯಾರೂ ಹೇಳ್ಕೊಟ್ಟಿದ್ದಲ್ಲ. ಮದುವೆಯಾಗಿ ಪಾಂಡವಪುರದ ಕಡೆ ಹೋದಾಗ ನಮ್ಮತ್ತೆ ಮನೆ ಹಿಂದೇನೇ ಆಲೆಮನೆ, ಸುತ್ತ ನಾಲೆ ನೀರಿನ ಕಬ್ಬಿನ ಗದ್ದೆ. ಕಬ್ಬು ಕಡಿಯೋರ ಮುಂಗೈ ತುಂಬ ಗರಿಯ ಸುಂಕು, ನವೆ ತಡೀಲಾರ್ದೆ ಒದ್ದಾಡೋರು. ಅವ್ರು ಕೊಪ್ಪರಿಗೆ ಹತ್ರ ಬಂದು ಅಚ್ಚಿನಿಂದ ಮಿಕ್ಕಿದ ಮೆತ್ತನೆ ಬೆಲ್ಲ ಕೈಯಲ್ಲಿ ಮಿದ್ಕೊಂಡು ತಿನ್ನೋವಾಗ, ಬೆಲ್ಲ ತಾಕಿ ಎದ್ದ ಜಾಗದಲ್ಲಿ ನವೆ ಕಮ್ಮಿ ಆಗೋದು. ಅದನ್ನ ನೋಡ್ಕೊಂಡಿದ್ದೆ. ಮುಂದೆ ಮೈಸೂರಿಗೆ ಬಂದ್ಮೇಲೆ ನನ್ನ ಮಗಳು ನುಗ್ಗೆಸೊಪ್ಪು ಬಿಡಿಸೋಕೆ ಹೋಗಿ ಮೊಣಕೈವರೆಗೂ ಸುಂಕು ಮೆತ್ಕೊಂಡು ಬಂದಾಗ ಮನೇಲಿ ಟೇಪಿರ್ಲಿಲ್ಲ, ಬೆಲ್ಲ ಇತ್ತು. ಬರೀ ಬೆಲ್ಲ ಪುಡಿಪುಡಿ ಆಯ್ತು, ಅಂಟಲಿಲ್ಲ. ಕಾಯಿಸಿ ನೋಡ್ದೆ, ಎಳೆ ಪಾಕ ಆದ್ರೆ ಚರ್ಮದ ಮೇಲೇ ಉಳ್ಕೋತು, ಗಟ್ಟಿ ಆದ್ರೆ ಕಲ್ಲು. ನಡುವಿನ ಹದ ಸಿಗೋಕೆ ಒಂದೆರಡು ಮಳೆಗಾಲಾನೇ ಹಿಡೀತು.

ಈಗ ಹದ ಹೇಳ್ತೀನಿ, ಕಿವಿಗೊಟ್ಟು ಕೇಳಿ. ಬೆಲ್ಲ ಹಳೇದಾಗಿರ್ಬೇಕು, ಕಪ್ಪಗೆ, ಮುಟ್ಟಿದ್ರೆ ಜಿಗಿ ಅನ್ನೋ ಅಂಥದ್ದು. ಬಿಳಿಚ್ಕೊಂಡಿರೋ ಬೆಲ್ಲ ಬೇಡವೇ ಬೇಡ. ಒಂದು ದಪ್ಪ ಉಂಡೆಯಷ್ಟು ಬೆಲ್ಲ, ಅದು ನೆನೆಯೋಷ್ಟೇ ನೀರು, ಕರಗಿದ್ಮೇಲೆ ಕಸ ಸೋಸಿ ದಪ್ಪ ತಳದ ಪಾತ್ರೇಲಿ ಮತ್ತೆ ಒಲೆಗಿಡಿ. ನಿಂಬೆರಸ ನಾಕು ಹನಿ ಹಿಂಡ್ಬೇಕು, ಇದನ್ನ ಬಿಟ್ರೆ ಪಾಕ ಸಕ್ಕರೆಗಟ್ಟಿ ಹರಳುಹರಳಾಗುತ್ತೆ, ಆ ಹರಳೇ ಚರ್ಮ ಕೀಸುತ್ತೆ. ನೊರೆ ಮೊದ್ಲು ದೊಡ್ಡ ದೊಡ್ಡದಾಗಿ ಉಕ್ಕುತ್ತೆ, ಆಮೇಲೆ ಸಣ್ಣದಾಗಿ ಒತ್ತೊತ್ತಾಗಿ ಬರುತ್ತೆ. ಆಗ ಉರಿ ತಗ್ಗಿಸಿ ಬಟ್ಟಲಲ್ಲಿ ತಣ್ಣೀರಿಟ್ಕೊಂಡು ಒಂದು ಹನಿ ಬಿಡಿ. ನೀರಲ್ಲಿ ಕರಗಿದ್ರೆ ಇನ್ನೂ ಆಗಿಲ್ಲ. ಬೆರಳಲ್ಲಿ ಕೂಡಿಸಿದ್ರೆ ಉಂಡೆಯಾಗ್ಬೇಕು, ಆ ಉಂಡೆ ಬೆರಳ ತುದೀಲಿ ನಿಧಾನಕ್ಕೆ ಬಾಗ್ಬೇಕು, ಎಳೆದ್ರೆ ಕಡೀದೆ ಉದ್ದಕ್ಕೆ ಬರ್ಬೇಕು. ತಟ್ಟೆಗೆ ಹಾಕಿದ್ರೆ ಟಣ್ ಅಂದ್ರೆ ಅದು ಚಿಕ್ಕಿ ಪಾಕ, ನಮ್ಗೆ ಬೇಡ. ತಕ್ಷಣ ಇಳಿಸಿ ಒದ್ದೆ ತಟ್ಟೆಗೆ ಸುರಿದು, ಪೂರ್ತಿ ತಣ್ಣಗಾದ್ಮೇಲೆ ಕೈ ಒದ್ದೆ ಮಾಡ್ಕೊಂಡು ಎಳೆದು ಮಡಿಸಿ, ಎಳೆದು ಮಡಿಸಿ ನಾದಿ. ಕಪ್ಪು ಬಣ್ಣ ತಿಳಿಯಾಗಿ ಹೊಳಪು ಬರುತ್ತೆ, ಅಲ್ಲಿಗೆ ನಿಲ್ಸಿ. ಇದನ್ನ ಮಗು ಅಳ್ತಾ ಇರೋವಾಗ ಕಾಯಿಸೋಕೆ ಕೂರ್ಬೇಡಿ ಮತ್ತೆ! ಬಿಸಿ ಪಾಕ ಬಿದ್ರೆ ಅಂಟ್ಕೊಂಡು ಸುಡುತ್ತೆ, ಕುದಿನೀರಿಗಿಂತ ಕೆಟ್ಟದ್ದು. ಮಳೆ ಶುರುವಾಗೋ ಮುಂಚೇನೇ ಮಕ್ಕಳನ್ನ ಅಡುಗೆಮನೆಯಿಂದ ಆಚೆ ಕಳ್ಸಿ ಮಾಡಿ, ಎಣ್ಣೆ ಸವರಿದ ಸಣ್ಣ ಸ್ಟೀಲ್ ಡಬ್ಬಿಗೆ ತುಂಬಿಡ್ಬೇಕು. ತೆಗೆದಾಗ ಗಟ್ಟಿ ಅನ್ಸಿದ್ರೆ ಅಂಗೈ ಬಿಸಿಗೇ ಮೆತ್ತಗಾಗುತ್ತೆ, ಮತ್ತೆ ಒಲೆ ಹತ್ರ ತಗೊಂಡ್ಹೋಗ್ಬೇಡಿ.

ಹುಳ ತಾಕಿದ ಜಾಗ ಒಣಗಿರ್ಬೇಕು, ನೀರಿನ ಪಸೆ ಇದ್ರೆ ಪಾಕ ಹಿಡಿಯಲ್ಲ. ಗೋಲಿ ಗಾತ್ರ ಕಿತ್ಕೊಂಡು ಮೊದ್ಲು ನಿಮ್ಮ ಮುಂಗೈಗಿಟ್ಟು ನೋಡಿ, ಆಮೇಲೆ ಮಗೂಗೆ. ಮೆಲ್ಲಗೆ ಇಡಿ, ಎತ್ತಿ. ಇಡಿ, ಎತ್ತಿ. ಒತ್ತಬೇಡಿ, ಉರುಳಿಸಬೇಡಿ, ಬ್ಯೂಟಿ ಪಾರ್ಲರಲ್ಲಿ ಕೂದಲು ಕೀಳ್ತಾರಲ್ಲ ಹಂಗೆ ಸರ್ ಅಂತ ಎಳೀಲೂಬೇಡಿ. ಒಂದು ಮಗ್ಗುಲು ಒಂದೇ ಸಲ, ಅದರಲ್ಲಿ ಸುಂಕು ಹತ್ತಿರುತ್ತೆ, ಬೆಳಕಿಗೆ ಹಿಡಿದ್ರೆ ಕಾಣ್ಸುತ್ತೆ ನಿಮ್ಗೇ. ಪ್ರತಿಸಲ ಹೊಸ ಮಗ್ಗುಲು, ಹೊಸ ಗೋಲಿ. ಮುಗಿದ ಗೋಲಿಗಳನ್ನ ಪೇಪರಲ್ಲಿ ಸುತ್ತಿ ಡಸ್ಟ್‌ಬಿನ್ನಿಗೆ. ಬೆಲ್ಲ ಅಲ್ವಾ ಅಂತ ಬೀದಿಗೆಸೆದ್ರೆ ಹಸು ಬಾಯಿ ಹಾಕುತ್ತೆ, ಅದರ ನಾಲಿಗೆಗೆ ಸುಂಕು ಚುಚ್ಚುತ್ತೆ, ಮೂಕ ಪ್ರಾಣಿ ಯಾರಿಗೆ ಹೇಳುತ್ತೆ? ಇದಾದ್ಮೇಲೆ ಸೋಪು ಹಾಕಿ ಹರಿಯೋ ನೀರಲ್ಲಿ ತೊಳೆದು, ಬಟ್ಟೇಲಿ ಐಸು ಸುತ್ತಿ ಇಡಿ. ನಮ್ಮವ್ವ ತುಂಬೆಸೊಪ್ಪು ಅರೆದು ಹಚ್ಚೋರು, ನಾನು ಕ್ಯಾಲಮೈನ್ ಲೋಷನ್ ಹಚ್ತೀನಿ, ನವೆ ತಣಿಯುತ್ತೆ. ಕಣ್ಣಿಗೆ ಬಿದ್ದಿದ್ರೆ ಮಾತ್ರ ಪಾಕಾನೂ ಬೇಡ ಏನೂ ಬೇಡ, ನೀರು ಎರಚ್ಕೊಂಡು ಸೀದಾ ಕಣ್ಣಿನ ಡಾಕ್ಟ್ರ ಹತ್ರ.

ಅರ್ಧಕ್ಕರ್ಧ ಇದೆಲ್ಲ ಬರೋದೇ ಬಟ್ಟೆ ಒಣಗಿಸೋ ಸೋಮಾರಿತನದಿಂದ. ನುಗ್ಗೆಮರಕ್ಕೆ ತಂತಿ ಕಟ್ಟಿ ಮಗು ಚಡ್ಡಿ ನೇತುಹಾಕ್ತಾರೆ, ಸಂಜೆ ಕೊಡವದೇ ಮಡಿಸ್ತಾರೆ. ಬಟ್ಟೆ ತೆಗೆಯೋವಾಗ ಒಳಹೊರಗು ಮಾಡಿ ಫಟ್ ಫಟ್ ಅಂತ ಕೊಡವಿ, ಅದೂ ಮನೆಯಿಂದಾಚೆ, ನಿಮ್ಮ ಮುಖ ಆಕಡೆ ತಿರುಗಿಸ್ಕೊಂಡು. ಇನ್ನು ಹಗಲು ಹೊತ್ತು ಹುಳ ಎಲ್ಲ ಕಾಂಡದ ಮೇಲೆ ಗುಂಪಾಗಿ ಅಂಟ್ಕೊಂಡಿರುತ್ತೆ, ಅದಕ್ಕೆ ಸೀಮೆಎಣ್ಣೆ ಬಟ್ಟೆ ಹಚ್ಚಿ ಸುಡ್ತಾರೆ ಗಂಡಸರು, ಸುಂಕು ಗಾಳೀಲಿ ಹಾರಿ ಪಕ್ಕದ ಮನೆಯೋರಿಗೂ ನವೆ. ಸೋಪಿನ ನೀರು ಚೆನ್ನಾಗಿ ಎರಚಿ, ನೆಂದ್ಮೇಲೆ ಹಾರಲ್ಲ, ಕೈಕಾಲು ಮುಚ್ಕೊಂಡು ಉದ್ದ ಕೋಲಲ್ಲಿ ಕೆರೆದು ಗುಂಡಿಗೆ ಹಾಕಿ ಮಣ್ಣು ಮುಚ್ಚಿ.

ಜೇನು ಕುಟುಕಿದ್ರೆ ಪಾಕ ಹುಡುಕ್ತಾ ಕೂರ್ಬೇಡಿ. ಜೇನು ತನ್ನ ಮುಳ್ಳು ಬಿಟ್ಟೋಗುತ್ತೆ, ಅದರ ತುದೀಲಿರೋ ಚೀಲ ವಿಷ ತಳ್ತಾನೇ ಇರುತ್ತೆ, ಉಗುರಲ್ಲೋ ಏನ್ ಸಿಗುತ್ತೋ ಅದ್ರಲ್ಲೋ ಕೂಡ್ಲೆ ಕಿತ್ತಾಕಿ. ಕಡಜ ಮುಳ್ಳು ಬಿಡಲ್ಲ, ಆದ್ರೆ ಮತ್ತೆ ಮತ್ತೆ ಹೊಡೆಯುತ್ತೆ, ಅದಕ್ಕೆ ಮೊದ್ಲು ಅಲ್ಲಿಂದ ದೂರ ಹೋಗಿ. ಎರಡಕ್ಕೂ ಸೋಪು ನೀರು, ಐಸು, ಅಷ್ಟೇ. ಒಂದಕ್ಕೆ ಸೋಡಾ, ಇನ್ನೊಂದಕ್ಕೆ ನಿಂಬೆಹಣ್ಣು ಅಂತ ವಾಟ್ಸಾಪಲ್ಲಿ ಬರುತ್ತಲ್ಲ, ವಿಷ ಚರ್ಮದೊಳಗೆ ಹೋಗಿರುತ್ತೆ, ಮೇಲೆ ಹುಯ್ದಿದ್ದು ಅಲ್ಲಿಗೆ ತಲುಪೋದು ಹೆಂಗೆ? ಕೈಗೆ ಕುಟುಕಿದ್ರೆ ಉಂಗುರ ಬಳೆ ಮೊದ್ಲೇ ತೆಗೀರಿ, ಊದ್ಕೊಂಡ್ಮೇಲೆ ಬರಲ್ಲ. ಹೆಜ್ಜೇನು ಎದ್ರೆ ಮುಖ ಮುಚ್ಕೊಂಡು ಓಡಿ ಮನೆಯೊಳಗೋ ಕಾರೊಳಗೋ ಸೇರ್ಕೊಳ್ಳಿ, ನಾಲೆಗೆ ಮಾತ್ರ ಹಾರ್ಬೇಡಿ.

ಮೈಯೆಲ್ಲ ಗಂದೆ ಎದ್ರೆ, ತುಟಿ ನಾಲಿಗೆ ಊದಿದ್ರೆ, ಉಸಿರು ಕಟ್ಟಿದಂಗಾದ್ರೆ, ವಾಂತಿ ತಲೆಸುತ್ತು ಬಂದ್ರೆ, ಇಲ್ಲಾ ತುಂಬ ಹುಳ ಒಟ್ಟಿಗೆ ಹೊಡೆದಿದ್ರೆ, 108ಕ್ಕೆ ಫೋನ್ ಮಾಡಿ, ನಿಮಿಷಾನೂ ತಡ ಮಾಡ್ಬೇಡಿ. ಅಲ್ಲಿ ಅಡ್ರಿನಲಿನ್ ಇಂಜೆಕ್ಷನ್ನೇ ಬೇಕು, ನನ್ನ ಡಬ್ಬಿ ಪಾಕ ಅಲ್ಲ. ಚೇಳು ಕಡಿದ್ರೂ ತಡ ಮಾಡ್ದೆ ಆಸ್ಪತ್ರೆಗೇ ಹೋಗ್ಬೇಕು. ಮಕ್ಕಳಿಗೆ ಚೇಳು ಕಡಿದ್ರೆ ಮಂತ್ರ ಹಾಕಿಸ್ತೀನಿ ಅಂತ ಊರಿಗೆ ಕರ್ಕೊಂಡ್ಹೋಗೋರು ಈಗ್ಲೂ ಇದ್ದಾರೆ, ಕೇಳಿದ್ರೆ ಕೋಪ ಬರುತ್ತೆ. ಮಹಾರಾಷ್ಟ್ರದ ಮಹಾಡ್‌ನಲ್ಲಿ ಡಾಕ್ಟರ್ ಹಿಮ್ಮತ್‌ರಾವ್ ಬಾವಸ್ಕರ್ ಅನ್ನೋರು ಕೆಂಪುಚೇಳು ಕಡಿದವ್ರಿಗೆ ಪ್ರಜೋಸಿನ್ ಅನ್ನೋ ಬಿಪಿ ಮಾತ್ರೆ ಕೊಟ್ಟು ಎಷ್ಟೋ ಜೀವ ಉಳಿಸಿದ್ದಾರೆ, 2022ರಲ್ಲಿ ಪದ್ಮಶ್ರೀ ಕೊಟ್ರು ಅವ್ರಿಗೆ. ಆ ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೇದು, ಅದಕ್ಕೆ ಮೊದ್ಲು ಆಸ್ಪತ್ರೆ.

ಇನ್ನೊಂದು ಮರೆತಿದ್ದೆ. ಪಾಕ ಮಾಡಿದ ದಿನ ಪಾತ್ರೇಲಿ ಮಿಕ್ಕಿದ್ದನ್ನ ತೊಳೆದು ಚೆಲ್ಬೇಡಿ, ಇನ್ನೊಂಚೂರು ಕಾಯಿಸಿ ಟಣ್ ಅನ್ನೋ ಹದಕ್ಕೆ ತಂದು ಹುರಿದ ಕಡ್ಲೆಕಾಯಿ ಬೀಜ ಹಾಕಿ ತಟ್ಟಿ, ಚಿಕ್ಕಿ ಆಗುತ್ತೆ. ಡಬ್ಬಿ ಮೇಲೆ ಮಾತ್ರ ಹುಳದ ಪಾಕ ಅಂತ ದಪ್ಪಕ್ಕೆ ಬರೆದು ಅಂಟಿಸಿ, ಇಲ್ಲಾಂದ್ರೆ ಮಕ್ಕಳು ಅದನ್ನೂ ಚಿಕ್ಕಿ ಜೊತೆ ಖಾಲಿ ಮಾಡ್ತಾರೆ, ಹುಳ ತಾಕಿದ ದಿನ ನಿಮ್ಮ ಕೈಯಲ್ಲಿ ಬರೀ ಡಬ್ಬಿ ಇರುತ್ತೆ.