ಅಲುಗಾಡದ ಮಾಳ ಕಟ್ಟಿದ್ದು ಹೀಗೆ

ನಮ್ಮ ಗದ್ದೆ ಇರುವುದು ಶಿರಸಿಯಿಂದ ಬನವಾಸಿಗೆ ಹೋಗುವ ದಾರಿಯ ಒಳಗೆ. ಮೂರು ಕಡೆ ಬೆಟ್ಟ, ಒಂದು ಕಡೆ ತೋಟ. ಅಕ್ಟೋಬರಿನಲ್ಲಿ ಭತ್ತದ ತೆನೆ ಹಾಲುಗಟ್ಟುತ್ತಿದ್ದ ಹಾಗೇ ಕಾಡುಹಂದಿ ಇಳಿಯುತ್ತವೆ. ತಿನ್ನುವುದು ಸ್ವಲ್ಪ, ಹೊರಳಾಡಿ ಹಾಳು ಮಾಡುವುದೇ ಜಾಸ್ತಿ. ಕೊಯ್ಲು ಮುಗಿಯುವ ತನಕ ರಾತ್ರಿ ಕಾಯಲೇಬೇಕು. ಕಾಯಲು ಮಾಳ ಬೇಕು, ಅಂದರೆ ಕಂಬದ ಮೇಲೆ ಎತ್ತರದಲ್ಲಿ ಕಟ್ಟುವ ಕಾವಲಿನ ಅಟ್ಟ.

ನಾನು ಕಟ್ಟಿದ ಮೊದಲ ಮಾಳ ಒಂದೇ ತಿಂಗಳು ನಿಂತಿತ್ತು. ಗದ್ದೆಯ ನಡುವೆ ಕಟ್ಟಿದರೆ ನಾಲ್ಕೂ ಕಡೆ ಕಾಣುತ್ತದೆ ಎಂದು ಅಲ್ಲೇ ಕಂಬ ಹುಗಿದಿದ್ದೆ. ಚಿತ್ತಾ ಮಳೆ ಹೊಡೆದ ರಾತ್ರಿ ಒಂದು ಕಾಲು ಕೆಸರಿನಲ್ಲಿ ಅರ್ಧ ಅಡಿ ಇಳಿಯಿತು. ಅಟ್ಟ ವಾಲಿತು. ಮೇಲೆ ನಾನೂ ತಮ್ಮನ ಮಗನೂ ಇದ್ದೆವು. ಹುಡುಗನನ್ನು ಹೆಗಲ ಮೇಲೆ ಹೊತ್ತು ಇಳಿದೆ. ಏನೂ ಆಗಲಿಲ್ಲ, ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಎತ್ತರದಲ್ಲಿ ಮನುಷ್ಯ ಮಲಗುವ ಜಾಗ ಅದು. ಸುಮ್ನೆ ನಾಲ್ಕು ಕೋಲು ನಿಲ್ಲಿಸಿ ಕಟ್ಟುವಂಥದ್ದಲ್ಲ.

ಅಪ್ಪಯ್ಯನ ಕಾಲದಿಂದ ನಮ್ಮನೆಗೆ ಕೆಲಸಕ್ಕೆ ಬರುತ್ತಿದ್ದ ಅಜ್ಜನೊಬ್ಬ ಬೆಳಿಗ್ಗೆ ಬಂದು ನೋಡಿದ. "ತಮಾ, ಕಂಬ ದಪ್ಪ ಹಾಕಿದ್ರೆ ಮಾಳ ನಿಲ್ಲೂದಿಲ್ಲ. ಒಂದು ಕಂಬ ಇನ್ನೊಂದರ ಕೈ ಹಿಡ್ಕಂಡ್ರೆ ನಿಲ್ತದೆ" ಅಂದ. ಎರಡನೇ ಮಾಳವನ್ನು ನಾನು ಈ ಮಾತಿನ ಮೇಲೇ ಕಟ್ಟಿದೆ.

ಮೊದಲು ಜಾಗ ಬದಲಾಯಿಸಿದೆ. ಗದ್ದೆಯ ಮೇಲಂಚಿನಲ್ಲಿ, ಬೆಟ್ಟದ ಬುಡದಲ್ಲಿ ಕೆಂಪು ಗಟ್ಟಿ ಮಣ್ಣು ಸಿಕ್ಕಿತು. ಗುದ್ದಲಿ ಹಾಕಿದರೆ ಟಣ್ ಅನ್ನಬೇಕು, ಅಂಥ ನೆಲ. ಕೆಳಗಿನ ಮೂಲೆ ಅಲ್ಲಿಂದ ಸರಿಯಾಗಿ ಕಾಣುವುದಿಲ್ಲ, ಅದನ್ನು ಟಾರ್ಚಿನಿಂದ ಸುಧಾರಿಸಿಕೊಳ್ಳುತ್ತೇನೆ. ನೋಟಕ್ಕಿಂತ ನೆಲ ಮುಖ್ಯ.

ಕಂಬಕ್ಕೆ ಸಾಮಿಲ್ಲಿನಿಂದ ಅಕೇಶಿಯಾ ತಂದೆ. 12 ಅಡಿ ಉದ್ದ, 5-6 ಇಂಚು ದಪ್ಪ, ನಾಲ್ಕು. ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಕಾಡು, ಸೊಪ್ಪಿನ ಬೆಟ್ಟ, ಪಕ್ಕದಲ್ಲೇ ಇದೆ ನಿಜ. ಆದರೆ ಅಲ್ಲಿ ನಮಗಿರುವುದು ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಹಕ್ಕು. ಮರ ಕಡಿಯುವ ಹಕ್ಕಲ್ಲ.

ಕಂಬ ಕೊಳೆಯುವುದು ಮಣ್ಣಿನ ಮಟ್ಟದಲ್ಲಿ. ತೀರಾ ಆಳದಲ್ಲಿ ಗಾಳಿ ಇಲ್ಲ, ಮೇಲೆ ಬಿಸಿಲಿಗೆ ಒಣಗುತ್ತದೆ. ನೀರೂ ಗಾಳಿಯೂ ಒಟ್ಟಿಗೆ ಸಿಗುವ ಆ ಒಂದು ಗೇಣಿನಲ್ಲೇ ಮರ ಮೆತ್ತಗಾಗುತ್ತದೆ, ಒರಲೆಯೂ (ಗೆದ್ದಲು) ಅಲ್ಲೇ ಹತ್ತುತ್ತದೆ. ಹಾಗಾಗಿ ಬುಡದ 4 ಅಡಿಯನ್ನು ಬೆಂಕಿಯಲ್ಲಿ ಹೊರಮೈ ಕಪ್ಪಾಗುವಷ್ಟು ಸುಟ್ಟೆ. ಆಮೇಲೆ ಕುಮಟೆಯ ನೆಂಟರಿಂದ ತರಿಸಿದ ಗೇರೆಣ್ಣೆಯನ್ನು ಎರಡು ಸಲ ಬಳಿದೆ. ಗೇರುಬೀಜದ ಸಿಪ್ಪೆಯ ಎಣ್ಣೆ ಅದು. ಕರಾವಳಿಯಲ್ಲಿ ದೋಣಿಗೂ ಬಳಿಯುತ್ತಾರೆ. ಕೈಗವಸು ಹಾಕಿಕೊಳ್ಳದೆ ಮುಟ್ಟಬೇಡಿ. ನನ್ನ ಮೊಣಕೈಗೆ ಒಂದು ಹನಿ ಬಿದ್ದದ್ದಕ್ಕೆ ಬೊಬ್ಬೆ ಎದ್ದು, ಚರ್ಮ ಸುಲಿದು, ಮಾಯಲು ಎರಡು ವಾರ ಬೇಕಾಯಿತು.

ಗುಂಡಿ 3 ಅಡಿ ಆಳ. ತಳಕ್ಕೆ ಚಪ್ಪಟೆ ಕಲ್ಲು, ಅದರ ಮೇಲೆ ಕಂಬ. ಸುತ್ತ ಕಲ್ಲುಚೂರು, ಮಣ್ಣು ಹಾಕಿ ಅರ್ಧ ಅಡಿಗೊಮ್ಮೆ ಹಾರೆಯ ಹಿಂತುದಿಯಿಂದ ಗುದ್ದಿದೆ. ಒಮ್ಮೆಲೇ ತುಂಬಿ ಮೇಲಿಂದ ತುಳಿದರೆ ಒಳಗೆ ಸಡಿಲವೇ ಉಳಿಯುತ್ತದೆ. ಸಿಮೆಂಟು ಹಾಕಲಿಲ್ಲ. ಮರ ಒಣಗಿ ಸಣ್ಣದಾದಾಗ ಸಿಮೆಂಟಿಗೂ ಅದಕ್ಕೂ ನಡುವೆ ಸಂದಿಯಾಗಿ ನೀರು ನಿಲ್ಲುತ್ತದೆ. ಕೊನೆಗೆ ಬುಡಕ್ಕೆ ಮಣ್ಣು ಏರಿಸಿ, ನೀರು ಹೊರಗೆ ಹರಿಯುವ ಹಾಗೆ ಇಳಿಜಾರು ಮಾಡಿದೆ.

ಕಂಬ ನೆಟ್ಟಗೆ ನಿಲ್ಲಿಸಬಾರದು. ನೆಲದಲ್ಲಿ ಕಾಲಿಂದ ಕಾಲಿಗೆ 8 ಅಡಿ ಬಿಟ್ಟೆ, ಮೇಲೆ 6 ಅಡಿ. ಅಂದರೆ 9 ಅಡಿ ಏರುವಷ್ಟರಲ್ಲಿ ಪ್ರತಿ ಕಾಲೂ 1 ಅಡಿ ಒಳಕ್ಕೆ ಬಾಗಿರುತ್ತದೆ. ಮನುಷ್ಯ ಕಾಲು ಅಗಲಿಸಿ ನಿಂತರೆ ನೂಕಿ ಬೀಳಿಸುವುದು ಕಷ್ಟ, ಅಲ್ವಾ?

ಇನ್ನು ಅಜ್ಜ ಹೇಳಿದ 'ಕೈ ಹಿಡಿಯುವುದು'. ನಾಲ್ಕು ಕಡ್ಡಿ ಚೌಕವಾಗಿ ಕಟ್ಟಿ ಒಂದು ಮೂಲೆ ತಳ್ಳಿ ನೋಡಿ, ಮಡಚಿಕೊಳ್ಳುತ್ತದೆ. ಮೂಲೆಯಿಂದ ಮೂಲೆಗೆ ಒಂದು ಓರೆ ಕಡ್ಡಿ ಕಟ್ಟಿ, ಆಗ ಜಗ್ಗುವುದಿಲ್ಲ. ನನ್ನ ಮೊದಲ ಮಾಳದಲ್ಲಿ ಅಡ್ಡಪಟ್ಟಿ ಬೇಕಾದಷ್ಟಿತ್ತು, ಓರೆಪಟ್ಟಿ ಒಂದೂ ಇರಲಿಲ್ಲ. ಈ ಸಲ ಮೂರು ಮಗ್ಗುಲಿಗೆ ಕತ್ತರಿಯ ಹಾಗೆ ಎರಡೆರಡು ಓರೆಪಟ್ಟಿ ಹಾಕಿದೆ. ಏಣಿ ಬರುವ ನಾಲ್ಕನೇ ಮಗ್ಗುಲಲ್ಲಿ ಮೇಲಿನ ಎರಡು ಮೂಲೆಗೆ ಮಾತ್ರ ಗಿಡ್ಡ ಪಟ್ಟಿ. ಕತ್ತರಿ ಕೂಡುವ ನಡುವಿನಲ್ಲೂ ಒಂದು ಬೋಲ್ಟು. ಇಷ್ಟು ಮಾಡಿ ಕಂಬ ಹಿಡಿದು ಅಲುಗಿಸಿದೆ. ಅಲುಗಲಿಲ್ಲ. ಅವತ್ತಿನ ಸಮಾಧಾನ ಇವತ್ತಿಗೂ ನೆನಪಿದೆ.

ಅಟ್ಟದ ತೊಲೆಯನ್ನು ಕಂಬದ ಮಗ್ಗುಲಿಗೆ ಮೊಳೆ ಹೊಡೆದು ನಿಲ್ಲಿಸಬೇಡಿ. ಕಂಬದ ತಲೆಯಲ್ಲಿ ಕಚ್ಚು ತೆಗೆದು ಅದರಲ್ಲಿ ತೊಲೆ ಕೂರಿಸಿ. ಭಾರ ಮರದ ಮೇಲೆ ಮರ ಹೊರಬೇಕು, ಬೋಲ್ಟು ಜಾರದಂತೆ ಹಿಡಿಯಲು ಮಾತ್ರ. 12 ಎಂಎಂ ಬೋಲ್ಟು ಆರಪಾರ ಹಾಕಿ, ಎರಡೂ ಕಡೆ ಅಗಲದ ವಾಶರ್ ಕೊಟ್ಟೆ. ಕಚ್ಚು ತೆಗೆಯಲು ಊರಿನ ಆಚಾರಿಯವರು ಒಂದು ದಿನ ಬಂದಿದ್ದರು. ಅವರ ಉಳಿ ಓಡುವುದನ್ನು ನೋಡಿದ ಮೇಲೆ ನನ್ನ ಗರಗಸ ಪಕ್ಕಕ್ಕಿಟ್ಟೆ.

ನೆಲಕ್ಕೆ ಅಡಿಕೆ ದಬ್ಬೆ. ಬಿದ್ದ ಮರ ಸೀಳಿ, ಒಳಗಿನ ಮೆತ್ತನೆ ತಿರುಳು ಕೆತ್ತಿ ಒಣಗಿಸಿದ್ದು. ಒಂದೂವರೆ ಅಡಿಗೊಂದು ತೊಲೆ, ಅದರ ಮೇಲೆ ಗಟ್ಟಿ ಮೈ ಮೇಲಾಗಿ ದಬ್ಬೆ. ನಡುವೆ ಬೆರಳಗಲ ಸಂದಿ, ನೀರು ಇಳಿಯಲು. ಕಟಕಟೆ ಮೂರೂವರೆ ಅಡಿ. ಕೂತವನ ಕಣ್ಣಿನ ಮಟ್ಟದಲ್ಲಿ ಒಂದು ಗೇಣು ಬಿಟ್ಟು, ಉಳಿದದ್ದನ್ನು ಸೋಗೆಯಿಂದ (ಒಣಗಿದ ಗರಿ) ಮುಚ್ಚಿದೆ. ಹಂದಿಗೆ ದೃಷ್ಟಿ ಮಂದ, ಮೂಗು ಚುರುಕು. ರಾತ್ರಿ ತಂಪಾದ ಗಾಳಿ ಬೆಟ್ಟದಿಂದ ಗದ್ದೆಗೆ ಇಳಿಯುವುದರಿಂದ, ಬೆಟ್ಟದಲ್ಲಿರುವ ಹಂದಿಗೆ ಕೆಳಗಿನ ವಾಸನೆ ಅಷ್ಟಾಗಿ ಸಿಗುವುದಿಲ್ಲ. ಮಾಳ ದಾಟಿ ಅಂಚಿಗೆ ಬಂದಾಗ ಟಾರ್ಚು ಬಿಟ್ಟು, ಡಬ್ಬಿ ಬಡಿದು, ಕೂಗು ಹಾಕುತ್ತೇನೆ. ಓಡಿದರೆ ಆ ರಾತ್ರಿ ಮತ್ತೆ ಬರುವುದು ಕಡಿಮೆ.

ಹಿಂದೆ ಬೇಟೆಗೆ ಕಟ್ಟುತ್ತಿದ್ದ ಅಟ್ಟಣಿಗೆಯೂ ಇದೇ ನಮೂನೆಯದು. ಆದರೆ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ನನ್ನ ಮಾಳಕ್ಕೆ ಕೋವಿ ಹತ್ತಿಲ್ಲ, ಹತ್ತುವುದೂ ಇಲ್ಲ. ಬೇಲಿಗೆ ಕರೆಂಟು ಕೊಡುವುದನ್ನಂತೂ ಯಾರೂ ಮಾಡಬೇಡಿ. ಹಂದಿಗಿಂತ ಮೊದಲು ನೀರು ಬಿಡಲು ಹೋದ ಮನುಷ್ಯ ಸಿಕ್ಕಿಕೊಳ್ಳಬಹುದು. ಆನೆ ಬರುವ ಮುಂಡಗೋಡ, ಹಳಿಯಾಳದ ಕಡೆಯವರಿಗೆ ಇಂಥ ನಾಲ್ಕು ಕಾಲಿನ ಮಾಳ ಸಾಲದು ಎಂಬುದನ್ನೂ ಹೇಳಿಬಿಡುತ್ತೇನೆ.

ಮಾಡಿಗೆ ತಗಡು ಹಾಕಿದರೆ ಮಳೆ ಬಂದಾಗ ಬೇರೇನೂ ಕೇಳಿಸುವುದಿಲ್ಲ. ಮಾಳದಲ್ಲಿ ಕಣ್ಣಿಗಿಂತ ಕಿವಿಯ ಕೆಲಸ ಜಾಸ್ತಿ. ಅದಕ್ಕೇ ಬಿದಿರು ಗಳದ ಮೇಲೆ ತಾಡಪತ್ರಿ, ಅದರ ಮೇಲೆ ಸೋಗೆ. ಸೋಗೆ ಬೇಗ ಹೊತ್ತಿಕೊಳ್ಳುತ್ತದೆ, ಹಾಗಾಗಿ ಮೇಲೆ ಬೀಡಿ, ದೀಪ, ಒಲೆ ಯಾವುದೂ ಇಲ್ಲ. ಚಳಿಗೆ ಕಂಬಳಿ, ಫ್ಲಾಸ್ಕಿನಲ್ಲಿ ಕಷಾಯ.

ಹತ್ತುವ ಮೊದಲು ಪರೀಕ್ಷೆ ಮಾಡಿದೆ. ಮರಳು ತುಂಬಿದ 50 ಕೆಜಿಯ 6 ಚೀಲವನ್ನು ಹಗ್ಗದಿಂದ ಎಳೆದು ಮೇಲಿಟ್ಟು ಎರಡು ರಾತ್ರಿ ಬಿಟ್ಟೆ. ಕೆಳಗೆ ಯಾರನ್ನೂ ನಿಲ್ಲಲು ಬಿಡಲಿಲ್ಲ. ಮೇಲೆ ಕೂರುವುದು ಇಬ್ಬರೇ, ಅಂದರೆ ಅದರ ಅರ್ಧ ಭಾರ. ಮೂರನೇ ದಿನ ದಾರ ಹಿಡಿದು ಅಳೆದೆ. ತೊಲೆ ಬಾಗಿರಲಿಲ್ಲ, ಕಾಲು ಇಳಿದಿರಲಿಲ್ಲ.

ಏಣಿ ಹತ್ತುವಾಗ ಎರಡೂ ಕೈ ಖಾಲಿ ಇರಬೇಕು. ಟಾರ್ಚು ಕುತ್ತಿಗೆಯಲ್ಲಿ, ಉಳಿದ ಸಾಮಾನು ಆಮೇಲೆ ಹಗ್ಗದಲ್ಲಿ. ಗುಡುಗು ಶುರುವಾದರೆ ಇಳಿದು ಮನೆಗೆ. ಸ್ವಾತಿ ಮಳೆಯ ಸಿಡಿಲಿನ ಎದುರು ಯಾವ ಬೋಲ್ಟೂ ಲೆಕ್ಕಕ್ಕಿಲ್ಲ. ಒಂದು ರಾತ್ರಿಯ ಭತ್ತ ಹೋದರೆ ಹೋಗಲಿ.

ಈಗ ನಾಲ್ಕು ಮಳೆಗಾಲ ಕಳೆದಿದೆ. ಪ್ರತಿ ಸೆಪ್ಟೆಂಬರಿನಲ್ಲಿ ಪಾನಾ ಹಿಡಿದು ಎಲ್ಲ ಬೋಲ್ಟು ಬಿಗಿ ಮಾಡುತ್ತೇನೆ. ಮೊದಲ ವರ್ಷ ಮರ ಒಣಗಿ ಎಲ್ಲವೂ ಅರ್ಧ ಸುತ್ತು ಸಡಿಲಾಗಿದ್ದವು. ಸೋಗೆ ವರ್ಷಕ್ಕೊಮ್ಮೆ ಹೊಸತು. ದಬ್ಬೆ ಎರಡು ಬದಲಾಯಿಸಿದ್ದೇನೆ. ಈ ಸಲ ಬುಡದ ಮಣ್ಣು ಸರಿಸಿ ನಾಲ್ಕೂ ಕಂಬಕ್ಕೆ ಚಾಕು ಚುಚ್ಚಿ ನೋಡಿದೆ. ಒಂದರಲ್ಲೂ ತುದಿ ಒಳಗೆ ಹೋಗಲಿಲ್ಲ. ಮತ್ತೊಮ್ಮೆ ಗೇರೆಣ್ಣೆ ಬಳಿದು ಮಣ್ಣು ಮುಚ್ಚಿದೆ. ತಮ್ಮನ ಮಗ ಈಗ ಹೈಸ್ಕೂಲು. ಶನಿವಾರ ರಾತ್ರಿ ಕಂಬಳಿ ತೆಗೆದುಕೊಂಡು ಅವನೇ ನನಗಿಂತ ಮೊದಲು ಹತ್ತಿ ಕೂರುತ್ತಾನೆ.